ಬೀಳುವ ವಿದ್ಯೆ

ನನ್ನ ಗಂಡನ ಬಲಗೈಯ ಬಗ್ಗೆ ಮಂಗಳೂರಿನ ಶಕ್ತಿನಗರದಲ್ಲಿ ಮಾತಾಡದವರಿಲ್ಲ. ಆ ಕೈಗೆ ದಿನಾ ಅನ್ನ ಬಡಿಸುವ ನನ್ನನ್ನು ಮಾತ್ರ ಯಾರೂ ಏನೂ ಕೇಳಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ ಎಂದಲ್ಲ, ಹೇಳಲು ನನಗೂ ಗೊತ್ತಿರಲಿಲ್ಲ.

ಇವರು ಅಯ್ಯೂಬ್ ಮಾಸ್ಟರ್. ಕುಂಗ್‌ಫು ಕಲಿಸುತ್ತಾರೆ. ಪ್ರಾಯದಲ್ಲಿ ಬೊಂಬಾಯಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದಾಗ, ಪಕ್ಕದ ಕಟ್ಟಡದಲ್ಲಿ ಹಲ್ಲು ಕಟ್ಟುವ ಅಂಗಡಿ ಇಟ್ಟಿದ್ದ ಒಬ್ಬ ಚೀನೀ ಮುದುಕನಿಂದ ಕಲಿತರಂತೆ. ಮದುವೆಯಾದ ಮೇಲೆ ಇವರ ಅಣ್ಣತಮ್ಮಂದಿರು ಒಬ್ಬೊಬ್ಬರಾಗಿ ಗಲ್ಫಿಗೆ ಹೋದರು. ಇವರು ಮನೆಯ ತಾರಸಿಗೆ ಶೀಟು ಹೊದೆಸಿ, ಕೆಳಗೆ ಚಾಪೆ ಹಾಸಿ, ಕ್ಲಾಸ್ ಶುರು ಮಾಡಿದರು. ಒಲೆ ಉರಿದದ್ದು ನನ್ನ ಹೊಲಿಗೆ ಮಿಷನ್ನಿನಿಂದ. ಅದಕ್ಕೆ ನನಗೆ ಸಿಟ್ಟಿಲ್ಲ ಎಂದರೆ ಸುಳ್ಳು. ಆದರೆ ಮನೆಯೊಳಗೆ ತಲೆ ತಗ್ಗಿಸಿ ಓಡಾಡುವ ಈ ಮನುಷ್ಯ ತಾರಸಿಯ ಮೆಟ್ಟಿಲು ಹತ್ತಿದ ಕೂಡಲೇ ಬೇರೆಯವರೇ ಆಗುತ್ತಿದ್ದರು. ಅದನ್ನು ನೋಡಿ ನೋಡಿ ನಾನು ಬಾಯಿ ಮುಚ್ಚಿಕೊಂಡೆ.

ಇವರ ಕ್ಲಾಸಿಗೆ ಸೇರಿದವರು ಮೊದಲ ಕೆಲವು ತಿಂಗಳು ಹೊಡೆಯಲು ಕಲಿಯುವುದಿಲ್ಲ. ಬೀಳಲು ಕಲಿಯುತ್ತಾರೆ. ಗಲ್ಲವನ್ನು ಎದೆಗೆ ಒತ್ತಿ, ಬೆನ್ನು ಬಾಗಿಸಿ, ಅಂಗೈಯಿಂದ ಚಾಪೆಗೆ ಬಡಿದು ಧಪ್ಪೆಂದು ಬೀಳಬೇಕು. "ನೀವು ಕೈಕಾಲು ಮುರಿದುಕೊಂಡ್ರೆ ನಿಮ್ಮ ಮನೆಯವರು ಬರುವುದು ನನ್ನ ಬಾಗಿಲಿಗೆ" ಎನ್ನುತ್ತಿದ್ದರು. ಬಿದ್ದ ಮೇಲೆ ತಾವಾಗಿ ಏಳುವ ಹಾಗಿಲ್ಲ. ಮಾಸ್ಟರ್ ಎರಡು ಸಲ ಕೈ ತಟ್ಟಬೇಕು, ಆಮೇಲೆ ಏಳಬೇಕು. ಬೀಳುವುದು ಚೆನ್ನಾಗಿ ಬಂತು ಎಂದಾದ ಮೇಲೆಯೇ ಅವರನ್ನು ಎದುರು ನಿಲ್ಲಿಸಿ, ಜ್ವರ ನೋಡುವವರ ಹಾಗೆ ಎದೆಯ ಮೇಲೆ ಬಲಗೈ ಇಡುತ್ತಿದ್ದರು. ಎಂಥ ದಾಂಡಿಗನೂ ಅಂಗಾತ ಬೀಳುತ್ತಿದ್ದ.

ಅದಕ್ಕೇ 'ಮಾಸ್ಟರ್ ಕೈ' ಎಂದು ಹೆಸರು.

ಪಂಪ್‌ವೆಲ್ ಸರ್ಕಲ್ಲಿನಲ್ಲಿ ಜೇಬುಗಳ್ಳನೊಬ್ಬನನ್ನು ಇವರು ಒಂದೇ ಕೈಯಲ್ಲಿ ಕೆಡವಿದ ಕತೆಯೂ ಉಂಟು. ಕೆಲವರು ಹೇಳುವಾಗ ಕಳ್ಳರು ಮೂವರು, ಕೆಲವರು ಹೇಳುವಾಗ ಕೈಯಲ್ಲಿ ಚೂರಿ. ಆ ದಿನ ಇವರ ಪಕ್ಕದಲ್ಲಿ ನಾನಿದ್ದೆ. ಕಳ್ಳ ಒಬ್ಬನೇ. ಇವರು ಕೈ ಚಾಚಿದ್ದು ನಿಜ, ಅವನು ಬಿದ್ದದ್ದೂ ನಿಜ. ಆದರೆ ಅವನ ಹಿಂದೆ ಚರಂಡಿಯ ಕಲ್ಲು ಎದ್ದು ನಿಂತಿತ್ತು. ಕೈಯೋ ಕಲ್ಲೋ, ಅದು ಅಲ್ಲಾಹನಿಗೇ ಗೊತ್ತು.

ಶಾಹುಲನಿಗೆ ಮಾತ್ರ ಅನುಮಾನವೇ ಇರಲಿಲ್ಲ. ಇವನು ಇವರ ಹಿರಿಯ ಶಿಷ್ಯ, ಕೂಳೂರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸ. ಬಾಪ ಇಲ್ಲದೆ ಬೆಳೆದವನು, ಇವರನ್ನೇ ಬಾಪನೆಂದು ತಿಳಿದಿದ್ದ. ಈಗ ತಲೆ ಅರ್ಧ ನರೆತರೂ ಬೆಳಗ್ಗೆ ಮೊದಲು ಬಂದು ಚಾಪೆ ಹಾಸುವವನು ಅವನೇ.

ಮಳೆಗಾಲ ಮುಗಿಯುವಾಗ ಅವನೇ ಒಂದು ವಿಡಿಯೋ ಮಾಡಿ ಮೊಬೈಲಿನಲ್ಲಿ ಹಾಕಿದ. ಮಾಸ್ಟರ್ ಕೈ ಇಡುತ್ತಾರೆ, ಶಾಹುಲ್ ಹಾರಿ ಬೀಳುತ್ತಾನೆ. ಮಂಗಳೂರಿಡೀ ನೋಡಿತು. ಅರ್ಧ ಜನ ಮಾಶಾ ಅಲ್ಲಾಹ್ ಎಂದರು, ಭಾರಿ ಲಾಯ್ಕ್ ಎಂದರು. ಉಳಿದ ಅರ್ಧ ನಕ್ಕಿತು. ನಗುವವರ ಮುಂದಾಳು ನಮ್ಮ ಮುಖೇಶನೇ. ಒಂದು ಕಾಲದಲ್ಲಿ ಇದೇ ತಾರಸಿಯಲ್ಲಿ ಬೀಳಲು ಕಲಿತವನು, ಈಗ ಪಂಪ್‌ವೆಲ್ಲಿನಲ್ಲಿ ಸ್ವಂತ ಜಿಮ್ ಇಟ್ಟಿದ್ದಾನೆ.

ಒಂದು ಸಂಜೆ ಇಬ್ಬರೂ ನಮ್ಮ ಜಗಲಿಯಲ್ಲೇ ಜಗಳಕ್ಕೆ ನಿಂತರು. ಇವರು ನಮಾಜಿಗೆ ಹೋಗಿದ್ದರು. ನಾನು ಚಾ ಕೊಟ್ಟೆ, ಅದೂ ತಣ್ಣಗಾಯಿತು.

"ಎಂತ ಮಾರಾಯ ನೀನು? ಅವರ ಕೈಯಲ್ಲಿ ಕರೆಂಟ್ ಉಂಟಾ?" ಎಂದ ಮುಖೇಶ್.

"ಉಂಟು. ನೀನು ಬೀಳ್ಲಿಲ್ವಾ?"

"ಬಿದ್ದಿದ್ದೇನೆ. ಬೀಳ್ಲಿಕ್ಕೆ ಅವರೇ ಕಲಿಸಿದ್ದಲ್ವಾ? ಬೀಳ್ಲಿಕ್ಕೆ ಕಲಿಯದವನನ್ನು ಒಮ್ಮೆ ಬೀಳಿಸ್ಲಿ. ನನ್ನ ಜಿಮ್ಮಲ್ಲಿ ಶೆರ್ವಿನ್ ಅಂತ ಒಬ್ಬ ಇದ್ದಾನೆ, ಕುಂಗ್‌ಫು ಕಂಡೇ ಇಲ್ಲ ಅವ. ಅವನನ್ನು ಬೀಳಿಸಿದ್ರೆ ಬಂದು ಮಾಸ್ಟರ ಕಾಲು ಹಿಡೀತೇನೆ."

ಶಾಹುಲ್ ಎದ್ದು ಹೋದ. ಮುಖೇಶ್ ಚಪ್ಪಲಿ ಹಾಕುತ್ತಾ ನನ್ನ ಕಡೆ ತಿರುಗಿದ. "ಮಾಮಿ, ನಾನು ಅವರಿಗೆ ಮರ್ಯಾದೆ ಕೊಡದವ ಅಲ್ಲ. ಆದ್ರೆ ಆಗ ನಾನು ಯಾಕೆ ಬಿದ್ದೆ ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ. ಅದೊಂದು ಗೊತ್ತಾಗ್ಬೇಕು."

ಇವರು ಮಸೀದಿಯಿಂದ ಬಂದಾಗ ಎಲ್ಲವನ್ನೂ ಹೇಳಿದೆ. ಬೇಡ ಎನ್ನುತ್ತಾರೆ ಎಂದುಕೊಂಡಿದ್ದೆ. ತಮ್ಮ ಅಂಗೈ ನೋಡಿಕೊಂಡು ಕುಳಿತರು.

"ಬರ್ಲಿ" ಎಂದರು. "ನನಗೂ ನೋಡ್ಬೇಕು."

ಆಗಲೇ ನನಗೆ ಗೊತ್ತಾದದ್ದು. ಇಷ್ಟು ವರ್ಷ ಇವರೂ ಅನುಮಾನ ಇಟ್ಟುಕೊಂಡೇ ಬದುಕಿದ್ದರು! ಬೊಂಬಾಯಿಯ ಆ ಮುದುಕನೂ ಮೊದಲು ಇವರಿಗೆ ಬೀಳಲು ಕಲಿಸಿದ್ದನಂತೆ. ಆ ರಾತ್ರಿ ಅದನ್ನು ನನಗೆ ಹೇಳಿದರು, ಮೊದಲ ಸಲ. ಆ ಕೈ ಸುಳ್ಳಾದರೆ ಈ ಮನುಷ್ಯನ ಬಳಿ ಬೇರೆ ಏನೂ ಇರಲಿಲ್ಲ.

ಕಲಿತ ಮಕ್ಕಳಿಗೆ ಬೆಲ್ಟ್ ಕೊಡುವ ಭಾನುವಾರವೇ ಅದೂ ಆಗಲಿ ಎಂದಾಯಿತು. ಅಂದು ನಮ್ಮ ರಸ್ತೆಯ ತುದಿಯ ಹಾಲ್ ತುಂಬಿತ್ತು. ಮಕ್ಕಳ ಅಪ್ಪ ಅಮ್ಮಂದಿರು, ಜಿಮ್ಮಿನ ಹುಡುಗರು, ಎತ್ತಿ ಹಿಡಿದ ಮೊಬೈಲುಗಳು. ಹೆಂಗಸರ ಸಾಲಿನಲ್ಲಿ ನಾನು ಬುರ್ಖಾದ ತುದಿ ಹಿಂಡುತ್ತಾ ಕುಳಿತಿದ್ದೆ. ಶೆರ್ವಿನ್ ಎಂಬ ಆ ಹುಡುಗ ವೇದಿಕೆ ಹತ್ತಿ, ಇವರ ಕಾಲು ಮುಟ್ಟಿ ನಮಸ್ಕರಿಸಿದ. ದುಷ್ಟನಾಗಿದ್ದರೆ ಒಳ್ಳೆಯದಿತ್ತು, ಬೈಯಲಾದರೂ ಆಗುತ್ತಿತ್ತು.

ಇವರು ಕಣ್ಣು ಮುಚ್ಚಿ ಉಸಿರೆಳೆದು, ಅವನ ಎದೆಯ ಮೇಲೆ ಕೈ ಇಟ್ಟು ಒತ್ತಿದರು.

ಅವನು ನಿಂತೇ ಇದ್ದ. ಇವರ ಅಂಗಿ ಬೆವರಿನಲ್ಲಿ ಒದ್ದೆಯಾಯಿತು, ಕಾಲು ಹಿಂದೆ ಜಾರಿತು. ಹುಡುಗ ಇವರು ಬೀಳದ ಹಾಗೆ ಮೊಣಕೈ ಹಿಡಿದುಕೊಂಡ.

"ಸಾರಿ ಸರ್" ಎಂದ, ಮೆಲ್ಲನೆ. ಮೈಕ್ ಪಕ್ಕದಲ್ಲೇ ಇದ್ದುದರಿಂದ ಎಲ್ಲರಿಗೂ ಕೇಳಿಸಿತು.

ಅಷ್ಟಕ್ಕೇ ಮುಗಿದಿದ್ದರೆ ಹೇಗಾದರೂ ಸುಧಾರಿಸಿಕೊಳ್ಳಬಹುದಿತ್ತು. ಪ್ರಾಯವಾಯಿತು, ಮೊನ್ನೆ ಜ್ವರ ಇತ್ತು ಎಂದು ಏನಾದರೂ ಹೇಳುತ್ತಿದ್ದೆವು. ಯಾರೂ ನಗಲಿಲ್ಲ, ಮುಖೇಶ್ ಕೂಡ ತಲೆ ತಗ್ಗಿಸಿದ್ದ. ಆದರೆ ಶಾಹುಲನಿಗೆ ತಡೆಯಲಾಗಲಿಲ್ಲ.

"ಮಾಸ್ಟರಿಗೆ ಇವತ್ತು ಹುಷಾರಿಲ್ಲ! ಆದ್ರೂ ನೋಡಿ!" ಎಂದು ಕೂಗುತ್ತಾ ವೇದಿಕೆಗೆ ಓಡಿ, ಇವರ ಎದುರು ಎದೆ ಚಾಚಿ ನಿಂತ. ಇವರಿಗೆ ಮನಸ್ಸಿರಲಿಲ್ಲ. ಶಿಷ್ಯನ ಮುಖ ನೋಡಿ ಕೈ ಎತ್ತಿದರು.

ಕೈ ಇನ್ನೂ ದಾರಿಯಲ್ಲಿತ್ತು. ಎದೆಗೆ ಒಂದು ಗೇಣು ದೂರವಿರುವಾಗಲೇ ಶಾಹುಲ್ ಹಾರಿ ಬಿದ್ದ.

ಧಪ್ಪೆಂಬ ಸದ್ದು. ಆಮೇಲೆ ಹಿಂದಿನಿಂದ ಯಾರೋ ಕಿಸಕ್ಕೆಂದರು, ಕೂಡಲೇ ಇಡೀ ಹಾಲ್ ನಕ್ಕಿತು. ಬೆಲ್ಟ್ ಕಟ್ಟಿಕೊಂಡ ಪುಟ್ಟ ಮಕ್ಕಳೂ ನಕ್ಕರು. ಇವರು ಗಾಳಿಯಲ್ಲಿ ನಿಂತ ತಮ್ಮ ಕೈಯನ್ನು ನೋಡುತ್ತಿದ್ದರು. ಯಾರ ಮೇಲೆ ಸಿಟ್ಟು ಮಾಡಬೇಕು ನಾನು? ಇವರನ್ನು ಅಷ್ಟು ಪ್ರೀತಿಸಿದವನೇ ಇವರನ್ನು ಮುಗಿಸಿದ್ದ.

ಮರುದಿನ ಬೆಳಗ್ಗೆ ಕ್ಲಾಸಿಗೆ ಒಬ್ಬರೂ ಬರಲಿಲ್ಲ. ಶಾಹುಲ್ ಮಾತ್ರ ಬಂದು ಚಾಪೆ ಹಾಸಿದ. ನಾನು ಒಣಗಿದ ಬಟ್ಟೆ ತೆಗೆಯುವ ನೆಪದಲ್ಲಿ ತಾರಸಿಗೆ ಹೋದೆ.

ಇವರು ಅವನನ್ನು ಎದುರು ನಿಲ್ಲಿಸಿದರು. "ಇವತ್ತು ಬೀಳ್ಬೇಡ. ನಿಂತುಕೋ. ಗಟ್ಟಿಯಾಗಿ ನಿಂತುಕೋ."

"ಆಯ್ತು ಮಾಸ್ಟರ್."

ಕೈ ಇಟ್ಟರು. ಬಿದ್ದ.

ಕೈ ತಟ್ಟಿ ಎಬ್ಬಿಸಿದರು. "ಬೀಳ್ಬೇಡ ಅಂತ ಹೇಳಿದ್ದು ನಾನು."

"ಬೇಕೂಂತ ಬೀಳುವುದಲ್ಲ ಮಾಸ್ಟರ್. ಅಲ್ಲಾಹನಾಣೆ ಅಲ್ಲ."

ಮತ್ತೆ ಕೈ, ಮತ್ತೆ ಧಪ್ಪ್. ಅವನು ಹಲ್ಲು ಕಚ್ಚಿ, ಕಾಲು ಅಗಲಿಸಿ ನೋಡಿದ. ಕಣ್ಣು ಮುಚ್ಚಿಯೂ ನೋಡಿದ. ಬೆರಳು ತಾಗುವ ಮೊದಲೇ ಅವನ ಗಲ್ಲ ಎದೆಗೆ ಒತ್ತಿಕೊಳ್ಳುತ್ತಿತ್ತು, ಬೆನ್ನು ಬಾಗುತ್ತಿತ್ತು. ಕೊನೆಗೆ ಚಾಪೆಯ ಮೇಲೆ ಬಿದ್ದಲ್ಲೇ ಆ ನರೆತ ತಲೆಯವನು ಅಳತೊಡಗಿದ. ಬೀಳುವುದನ್ನು ಮರೆಸುವ ವಿದ್ಯೆ ಇವರಿಗೂ ಗೊತ್ತಿರಲಿಲ್ಲ.

ಆಗ ಇವರು ನನ್ನ ಕಡೆ ತಿರುಗಿದರು. ನಾನು ಬೀಳಲು ಕಲಿತವಳಲ್ಲ. "ನೀನು ಬಾ ಇಲ್ಲಿ" ಎಂದರು.

ಬಟ್ಟೆ ಕೆಳಗಿಟ್ಟು ಹೋಗಿ ನಿಂತೆ. ಬೀಳಬೇಕೋ ನಿಲ್ಲಬೇಕೋ ತಿಳಿಯಲಿಲ್ಲ. ಬಿದ್ದರೆ ಸುಳ್ಳು, ನಿಂತರೆ ಇವರ ಕೊನೆ. ಇವರು ಕೈ ಎತ್ತಿದರು. ನನ್ನ ಭುಜದ ಹತ್ತಿರ ತಂದರು. ಅಲ್ಲೇ ತಡೆದು ನನ್ನ ಮುಖವನ್ನೇ ನೋಡಿದರು. ಮುಟ್ಟಲು ಧೈರ್ಯ ಬರಲಿಲ್ಲ. ಕೈ ಇಳಿಸಿ ಜುಬ್ಬಾದ ಜೇಬಿಗೆ ಹಾಕಿಕೊಂಡರು, ಒಂದೊಂದೇ ಮೆಟ್ಟಿಲು ಇಳಿದು ಕೆಳಗೆ ಹೋದರು. ಕೋಣೆಯ ಬಾಗಿಲು ಹಾಕಿದ ಸದ್ದು ಕೇಳಿಸಿತು.

ಬಿಸಿಲು ಏರಿ ಶೀಟು ಕಾಯತೊಡಗಿತ್ತು. ಶಾಹುಲ್ ಇನ್ನೂ ಅಂಗಾತ ಮಲಗಿಯೇ ಇದ್ದ.

"ಏಳು ಮಗಾ" ಎಂದೆ. "ಚಾ ಕುಡಿ, ಬಾ."

"ಮಾಸ್ಟರ್ ಕೈ ತಟ್ಲಿಲ್ಲ ಮಾಮಿ" ಎಂದ.

ನಾನು ಮೆಟ್ಟಿಲಿನ ಕಡೆ ನೋಡಿದೆ. ಕೆಳಗಿನಿಂದ ಯಾವ ಸದ್ದೂ ಬರಲಿಲ್ಲ.