ಬೀಗದೊಳಗಿನ ಮದ್ದು

ಹಣ್ಣು ವಿಂಗಡಿಸುವ ಶೆಡ್ಡಿನೊಳಗೆ ಹೆಂಗಸರು ಮೈಮೇಲೆ ಬಿಡಿ ವಸ್ತು ಏನನ್ನೂ ಇಟ್ಟುಕೊಳ್ಳುವಂತಿರಲಿಲ್ಲ. ಪಿನ್ನು, ಸೂಜಿ, ಗುಂಡಿ ಯಾವುದೂ ಹಣ್ಣಿನ ಪೆಟ್ಟಿಗೆಗೆ ಬೀಳಬಾರದೆಂದು ನಿಯಮ. ಹಾಗಾಗಿ ನಿವೃತ್ತ ಕಾಂಪೌಂಡರರ ಹಿರಿಯ ಮಗಳು, ಕಣಜ ಕಚ್ಚಿದರೆ ಉಸಿರೇ ಕಟ್ಟುವ ಮೈಯವಳು, ವೈದ್ಯರು ಕೊಟ್ಟಿದ್ದ, ಪೆನ್ನಿನಂಥ ಅಡ್ರಿನಲಿನ್ ಚುಚ್ಚುಮದ್ದನ್ನು ದಿನಾ ಬೆಳಿಗ್ಗೆ ಆಫೀಸಿನ ಕಪಾಟಿಗೆ ಒಪ್ಪಿಸಿ ಒಳಗೆ ಹೋಗುತ್ತಿದ್ದಳು. ಮಾಗಿದ ಹಣ್ಣಿದ್ದಲ್ಲಿ ಕಣಜ ಬಾರದೆ ಇರುತ್ತದೆಯೇ? ಒಂದು ಮಧ್ಯಾಹ್ನ ಕುತ್ತಿಗೆಗೆ ಕಚ್ಚಿತು. ಬೀಗದ ಕೈ ಇಟ್ಟುಕೊಂಡಿದ್ದ ಗುಮಾಸ್ತ ಊಟಕ್ಕೆ ಹೋಗಿದ್ದ. ಮೇಲ್ವಿಚಾರಕಿ ಗಾಬರಿಯಲ್ಲಿ ಅಲರ್ಜಿ ಮಾತ್ರೆ ನುಂಗಿಸಿ ಮಲಗಿಸಿದಳು. ಹುಡುಗಿ ಸುಮ್ಮನಾದಳು. ಮಾತ್ರೆಗೆ ನಿದ್ದೆ ಹತ್ತಿತೆಂದುಕೊಂಡು ಫ್ಯಾನು ಹಾಕಿದರು. ಅವಳು ಮತ್ತೆ ಏಳಲಿಲ್ಲ.

ಹದಿನೈದು ದಿನದ ಮೇಲೆ ಅದೇ ಶೆಡ್ಡಿನಲ್ಲಿ ದುಡಿಯುತ್ತಿದ್ದ ಕಿರಿಯ ಮಗಳು ಕೆಲಸಕ್ಕೆ ಮರಳಿದಾಗ ಕಾಂಪೌಂಡರರೂ ಜೊತೆಗೆ ಹೊರಟರು. ಅಕ್ಕನ ಮೈಯೇ ತಂಗಿಗೂ. ಚುಚ್ಚುಮದ್ದನ್ನು ಅವಳ ಸೊಂಟಕ್ಕೇ ಕಟ್ಟಲೆಂದು, ಹಳೆಯ ದಿಂಬಿನ ಬಟ್ಟೆ ಕತ್ತರಿಸಿ, ದೇವರ ಮುಂದೆ ಕೂತು ಒಂದು ಚೀಲ ಹೊಲಿದಿದ್ದರು. ಅದಕ್ಕೆ ಗುಂಡಿಯಿಲ್ಲ, ಲಾಡಿ ಮಾತ್ರ.

ಮ್ಯಾನೇಜರು ಕುರ್ಚಿ ಕೊಟ್ಟು ನಯವಾಗಿಯೇ ಮಾತಾಡಿದರು. ಒಂದು ಸೂಜಿ ಸಿಕ್ಕರೂ ಇಡೀ ಲೋಡು ವಾಪಸು ಬರುತ್ತದೆ ಎಂದರು. ಬೇಕಾದರೆ ಇನ್ನೊಂದು ಬೀಗದ ಕೈ ಮಾಡಿಸೋಣ ಎಂದರು. ಕೊನೆಗೆ ನಿಟ್ಟುಸಿರು ಬಿಟ್ಟು, "ಏನ್ ಮಾಡೋದು ಯಜಮಾನ್ರೇ, ದೇವರ ಇಚ್ಛೆ" ಎಂದರು.

ಅಲ್ಲಿಯವರೆಗೆ ತಲೆ ತಗ್ಗಿಸಿ ಕೂತಿದ್ದ ಮುದುಕರಿಗೆ ಮೈಯೆಲ್ಲ ಉರಿದುಹೋಯಿತು.

"ದೇವರ ಮೇಲೆ ಹಾಕಬೇಡಿ. ಅವನು ಮದ್ದು ಕೊಟ್ಟಿದ್ದ. ಬೀಗ ಹಾಕಿದ್ದು ನೀವು. ನಲವತ್ತು ವರ್ಷ ಔಷಧಿ ಕೊಟ್ಟ ಕೈ ಸ್ವಾಮಿ ಇದು. ಮಾತ್ರೆ ತುರಿಕೆಗೆ. ಉಸಿರು ಕಟ್ಟಿದಾಗ ಈ ಸೂಜಿನೇ ಬೇಕು, ಆ ಗಳಿಗೇಲೇ ಬೇಕು. ನಿಮ್ಮ ಗುಮಾಸ್ತ ಉಂಡು ಕೈ ತೊಳೆಯೋ ತನಕ ಉಸಿರು ಕಾಯಲ್ಲ."

ಮ್ಯಾನೇಜರ ದನಿ ಗಡುಸಾಯಿತು. ಚೀಲ ಕಟ್ಟಿಕೊಂಡವಳಿಗೆ ಒಳಗೆ ಜಾಗವಿಲ್ಲ ಎಂದುಬಿಟ್ಟರು. ಮಗಳು ತಂದೆಯ ತೋಳು ಜಗ್ಗಿದಳು.

"ಬಿಡಪ್ಪ, ಕೆಲಸ ಹೋಗುತ್ತೆ."

"ಹೋದರೆ ಹೋಗಲಿ. ನೀನಿದ್ದರೆ ಸಾಕು."

ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದ ಮೇಲ್ವಿಚಾರಕಿ ಒಳಗೆ ಬಂದಳು. "ಅವಳನ್ನ ಬಿಡಿ ಸಾರ್. ಸೂಜಿ ಇದೆಯಾ ಅಂತ ದಿನಾ ಸಂಜೆ ನಾನೇ ನೋಡ್ತೀನಿ, ಕಳೆದರೆ ನನ್ನನ್ನ ಕೆಲಸದಿಂದ ತೆಗೀರಿ. ಬಿಡಲ್ಲ ಅಂದ್ರೆ ಇವತ್ತು ನಮ್ಮಲ್ಲಿ ಒಬ್ಬಳೂ ಟೇಬಲ್ಲಿಗೆ ಬರಲ್ಲ."

ಹೊರಗೆ ಲಾರಿ ತುಂಬಲು ಕಾಯುತ್ತಿತ್ತು. ಮ್ಯಾನೇಜರು ಅದನ್ನೊಮ್ಮೆ ನೋಡಿ, ಒಳಗೆ ಹೋಗಿ ಎಂಬಂತೆ ಕೈಯಾಡಿಸಿದರು.

ಕಾಂಪೌಂಡರರಿಗೆ ಮೇಲ್ವಿಚಾರಕಿಯ ಮುಖ ನೋಡಲಾಗಲಿಲ್ಲ. ಮಾತ್ರೆ ನುಂಗಿಸಿ ಮಲಗಿಸಿದ್ದ ಕೈ ಅವಳದು. ಆದರೂ ಆ ಕೈಯನ್ನೇ ಹಿಡಿದು, ಸೂಜಿ ಹಿಡಿದಂತೆ ಮುಷ್ಟಿ ಮಾಡಿಸಿ, ತಮ್ಮ ತೊಡೆಯ ಹೊರಬದಿಗೆ ಇಟ್ಟುಕೊಂಡರು.

"ಇಲ್ಲಿ. ಬಟ್ಟೆ ಮೇಲೇ ಚುಚ್ಚಬೇಕು. ಮೊದಲು ಇದು, ಆಮೇಲೆ ಆಂಬುಲೆನ್ಸು."

ಅವಳು ಅಳುಕುತ್ತ ಮೆಲ್ಲಗೆ ಒತ್ತಿದಳು.

"ಇನ್ನೂ ಗಟ್ಟಿಯಾಗಿ" ಎಂದು ಅವರು ಗದರಿದರು.