ಬರಿಗಾಲಿನ ಎತ್ತರ

ನಮ್ಮ ಇಂಡಿಯಾನಾದ ಹೈಸ್ಕೂಲುಗಳಲ್ಲಿ ಬ್ಯಾಸ್ಕೆಟ್‌ಬಾಲ್ ಆಡುವ ಹುಡುಗರು ಎರಡು ಸಲ ಬೆಳೆಯುತ್ತಾರೆ. ಒಮ್ಮೆ ಅಮ್ಮನ ಅಡುಗೆ ಉಂಡು, ಇನ್ನೊಮ್ಮೆ ನನ್ನ ಪೆನ್ನಿನಿಂದ. ಇಪ್ಪತ್ತೆರಡು ವರ್ಷದಿಂದ ಸಹಾಯಕ ಕೋಚ್ ಆಗಿರುವ ನಾನೇ ತಂಡದ ಪಟ್ಟಿ ಬರೆಯುವವನು. ಪ್ರತಿಯೊಬ್ಬನ ಎತ್ತರಕ್ಕೂ ಎರಡು ಇಂಚು ಸೇರಿಸುತ್ತೇನೆ. ತಮ್ಮ ತಂಡಕ್ಕೆ ಹುಡುಗರನ್ನು ಆರಿಸಲು ಪಟ್ಟಿ ಓದುವ ಕಾಲೇಜಿನವರು ಎರಡು ಇಂಚು ಕಳೆಯುತ್ತಾರೆ. ಎಲ್ಲರೂ ಸುಳ್ಳು ಹೇಳುವುದರಿಂದ ಯಾರಿಗೂ ಮೋಸವಿಲ್ಲ.

ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ. ನನ್ನ ಬಾಲ್ಯದ ಗೆಳೆಯ ವರ್ನನ್ ಅಂಗಡಿಗಳ ತಕ್ಕಡಿ ಪರೀಕ್ಷಿಸುವ ಸರ್ಕಾರಿ ಇನ್ಸ್‌ಪೆಕ್ಟರ್. ನಮ್ಮ ತಂಡಕ್ಕೆ ಸೇರಿದ ಮಗ ಟ್ರೆಂಟ್‌ನನ್ನು ಬರಿಗಾಲಲ್ಲಿ ಗೋಡೆಗೆ ನಿಲ್ಲಿಸಿ ಅಳೆದು, "ಆರು ಅಡಿ ನಾಲ್ಕು ಇಂಚು. ಕೂದಲೆಳೆ ಜಾಸ್ತಿ ಬರೆದ್ರೂ ನಾನು ಸುಮ್ನಿರಲ್ಲ" ಎಂದಿದ್ದ.

ಹಾಗೇ ಬರೆದೆ. ಕಾಲೇಜಿನವರು ವಾಡಿಕೆಯಂತೆ ಕಳೆದರು. ಅಲ್ಲಿಗೆ ಟ್ರೆಂಟ್ ಆರು ಅಡಿ ಎರಡು ಇಂಚಿನವನಾದ. ಮೂರು ವರ್ಷ ಒಬ್ಬರೂ ಫೋನ್ ಮಾಡಲಿಲ್ಲ. ಆಟಕ್ಕೆಂದು ಕಾಲೇಜು ಕೊಡುವ ವಿದ್ಯಾರ್ಥಿವೇತನ ಸಿಗದಿದ್ದರೆ ಅವನಿಗೆ ಕಾಲೇಜೇ ಇಲ್ಲ, ಸಂಬಳ ನೆಚ್ಚಿದ ಮನೆ ಅದು.

ಕೊನೆಯ ವರ್ಷ ಡಾಬಿನ್ಸ್ ಎಂಬ ಕಾಲೇಜು ಕೋಚ್ ಬಂದರು. ಟ್ರೆಂಟ್‌ಗಾಗಿ ಅಲ್ಲ, ತಂಡದ ಇನ್ನೊಬ್ಬ ಹುಡುಗ ಬ್ರಾಡಿಗಾಗಿ. ಬ್ರಾಡಿ ನಿಜಕ್ಕೂ ಆರು ಅಡಿ ಮೂರು ಇಂಚು. ಅವನ ತಾಯಿ ಕಾಡಿ ಬೇಡಿದ್ದಕ್ಕೆ ನಾನು ಆರು ಅಡಿ ಆರು ಇಂಚು ಎಂದು ಬರೆದಿದ್ದೆ. ಆ ಮಧ್ಯಾಹ್ನದ ಅಭ್ಯಾಸದಲ್ಲಿ ಬ್ರಾಡಿ ಎಸೆದ ಚೆಂಡನ್ನೆಲ್ಲ ಟ್ರೆಂಟ್ ಮೇಲಿಂದಲೇ ತಡೆದ. ವರ್ನನ್ ಟೇಪು ಹಿಡಿದು ಬಂದು, ಇಬ್ಬರನ್ನೂ ಡಾಬಿನ್ಸ್ ಎದುರೇ ಅಳೆದ.

"ನೋಡಿ ಸರ್. ನಿಮ್ಗೆ ಬೇಕಾದ ಎತ್ತರ ನನ್ನ ಮಗನದ್ದು."

"ಕಣ್ಣು ನನಗೂ ಇದೆ ಸ್ವಾಮಿ," ಎಂದರು ಡಾಬಿನ್ಸ್. "ಆದ್ರೆ ನಮ್ಮ ಹೆಡ್ ಕೋಚ್ ಇಲ್ಲಿಗೆ ಬರಲ್ಲ, ಕಾಗದ ನೋಡ್ತಾರೆ. ನಿಮ್ಮ ಮಗನಿಗೆ ಎರಡು ಕಳೀತಾರೆ, ಗಿಡ್ಡ ಅಂತಾರೆ."

"ಇದು ನಿಜವಾದ ಅಳತೆ ಅಂತ ಹೇಳಿ."

"ಎಲ್ಲಾ ಅಪ್ಪಂದಿರೂ ಅದನ್ನೇ ಹೇಳೋದು. ವಿದ್ಯಾರ್ಥಿವೇತನದ ಸೀಟು ಇರೋದು ಒಂದೇ. ಗುರುವಾರದೊಳಗೆ ಪಟ್ಟಿ ತಿದ್ದಿ ಕಳಿಸಿ, ಇವನಿಗೇ ಕೊಡಿಸ್ತೀನಿ. ಇಲ್ಲಾಂದ್ರೆ ಬ್ರಾಡಿ."

ಬುಧವಾರ ವರ್ನನ್ ನನ್ನ ಕೋಣೆಗೆ ಬಂದ. ಕೂರು ಎಂದರೆ ಕೂರಲಿಲ್ಲ.

"ಆರು ಅಡಿ ಆರು ಇಂಚು ಅಂತ ಬರಿ."

"ಯೋಚ್ನೆ ಮಾಡಿದ್ಯಾ?"

"ಬರಿ ಅಂದ್ನಲ್ಲ ಮಾರಾಯ."

ತಿದ್ದಿದ ಪಟ್ಟಿಗೆ ತಂದೆಯ ಸಹಿ ಬೇಕು. 'ಮೇಲಿನದೆಲ್ಲ ಸತ್ಯ' ಎಂಬ ಸಾಲಿನ ಕೆಳಗೆ. ಒಂದು ಔನ್ಸ್ ತೂಕ ಕಡಿಮೆ ಕೊಟ್ಟ ಸ್ವಂತ ಭಾವಮೈದುನನಿಗೂ ದಂಡ ಹಾಕಿದ್ದ ಮನುಷ್ಯ ಆ ಸಾಲನ್ನು ಎರಡು ಸಲ ಓದಿ ಸಹಿ ಹಾಕಿದ. ನಾನು ಕಿಟಕಿಯ ಕಡೆ ನೋಡುತ್ತಿದ್ದೆ. ಅಷ್ಟು ವರ್ಷದಲ್ಲಿ ಆ ಪಟ್ಟಿ ಬರೆದದ್ದಕ್ಕೆ ನನಗೆ ನಾಚಿಕೆಯಾದದ್ದು ಅದೇ ಮೊದಲು.

ಶುಕ್ರವಾರ ಡಾಬಿನ್ಸ್ ಫೋನ್ ಮಾಡಿದರು. "ಹೆಡ್ ಕೋಚ್ ಒಪ್ಪಿದ್ರು. ಸೀಟು ಟ್ರೆಂಟ್‌ದೇ. ಈ ಸಲ ಅಳತೆ ಸರಿಯಾಗಿದೆ ಅಂದ್ರು."

ನಾನೂ ವರ್ನನ್ನೂ ಸುದ್ದಿ ಹೇಳಲು ಆಟದ ಅಂಗಳಕ್ಕೆ ಓಡಿದೆವು. ಟ್ರೆಂಟ್ ಕುಣಿಯುತ್ತಾನೆಂದುಕೊಂಡಿದ್ದೆ. ಅವನು ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಎಲ್ಲವನ್ನೂ ಕೇಳಿಸಿಕೊಂಡ, ಆಮೇಲೆ ಅಪ್ಪನನ್ನು ನೋಡಿದ.

"ಒಂದು ಸಹಿಗೆ ಆಗೋ ಕೆಲ್ಸ ಆಗಿತ್ತಾ ಇದು? ಮೂರು ವರ್ಷದ ಹಿಂದೆನೇ ಹಾಕಿದ್ರೆ ದೊಡ್ಡ ಕಾಲೇಜೇ ಸಿಗ್ತಿತ್ತಲ್ಲಪ್ಪಾ."

ವರ್ನನ್ ನನ್ನ ಮುಖ ನೋಡಿದ, ನಾನೇನಾದರೂ ಹೇಳಲಿ ಎಂಬಂತೆ. ಹುಡುಗ ಹೇಳಿದ್ದು ನಿಜವಾಗಿತ್ತು.