ಬೀದಿದೀಪಕ್ಕೊಂದು ಸಾಲು

ಅಡುಗೆಮನೆಯ ತಕ್ಕಡಿ ಮತ್ತೆ ಮಾಯವಾಗಿತ್ತು. ಅತ್ತೆ ಹಿಟ್ಟಿನ ಪಾತ್ರೆ ಹಿಡಿದುಕೊಂಡೇ ಕಪಾಟಿನ ಮೇಲೆ ನೋಡಿದರು, ಒಲೆಯ ಹಿಂದೆ ನೋಡಿದರು, ಬಿಸ್ಕತ್ತಿನ ಡಬ್ಬಿಯನ್ನೂ ತೆರೆದು ನೋಡಿದರು. ನೋಡುವುದೇನು ಬಂತು, ಕದ್ದವರು ಯಾರೆಂದು ಅವರಿಗೆ ಗೊತ್ತೇ ಇತ್ತು. ನಡುಮನೆಯ ಮೇಜಿನ ಮುಂದೆ ಸೊಸೆ ಕೂತಿದ್ದಳು. ಅಂಕಿ ತೋರಿಸುವ ಆ ಪುಟ್ಟ ತಕ್ಕಡಿಯ ಮೇಲೆ ಒಂದು ಹಳೆಯ ವಿಡಿಯೋ ಗೇಮ್ ಕ್ಯಾಸೆಟ್ ಇಟ್ಟು, ಉಸಿರು ಬಿಗಿಹಿಡಿದು ನೋಡುತ್ತಿದ್ದಳು.

"ಮನೇಲಿರೋರು ಉಪವಾಸ ಬಿದ್ರೂ ಪರವಾಗಿಲ್ಲ, ಆ ಡಬ್ಬಿಗಳ ತೂಕ ಮಾತ್ರ ಸರಿ ಬರ್ಬೇಕು, ಅಲ್ವಾ?"

"ಒಂದೇ ನಿಮಿಷ ಅತ್ತೆ. ಉಸಿರು ತಾಗಿದ್ರೆ ಅಂಕಿ ಬದಲಾಗುತ್ತೆ."

"ಅಂದ್ರೆ ಇನ್ನು ನಾನು ಉಸಿರೂ ಬಿಡ್ಬಾರ್ದು! ಸರಿ ಬಿಡು."

ಈ ಸೊಸೆ ಹಗಲೆಲ್ಲ ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣು ಪರೀಕ್ಷಿಸಿ, ಸಂಜೆ ಮನೆಗೆ ಬಂದು ತನ್ನ ಕಣ್ಣು ಹಾಳುಮಾಡಿಕೊಳ್ಳುವವಳು. ಬಹಳ ಹಿಂದೆ ಮಾರುಕಟ್ಟೆಗೆ ಬಂದು ಮರೆಯಾದ ಒಂದು ಗೇಮ್ ಯಂತ್ರವಿದೆ. ಮೇಲೊಂದು ಬಾಯಿ, ಅದಕ್ಕೆ ಕ್ಯಾಸೆಟ್ ತುರುಕಿ, ಟೀವಿಗೆ ತಂತಿ ಸಿಕ್ಕಿಸಿ ಆಡಬೇಕು. ಬಣ್ಣ ಕಂದಾದ್ದರಿಂದ ಕಂದು ಪೆಟ್ಟಿಗೆ ಎಂದೇ ಅದಕ್ಕೆ ಹೆಸರು. ಅದರ ಕ್ಯಾಸೆಟ್‌ಗಳನ್ನು ಒಂದೂ ಬಿಡದಂತೆ ಕೂಡಿಸಿಡುವ ಹುಚ್ಚು ಹತ್ತಿದ ಜನ ಎಲ್ಲೆಲ್ಲೂ ಇದ್ದಾರೆ. ಒಟ್ಟು ಯಾವ ಯಾವ ಆಟ ಬಂದವೆಂದೇ ಗೊತ್ತಿಲ್ಲದೆ ಒಂದೂ ಬಿಡದಂತೆ ಕೂಡಿಸುವುದಾದರೂ ಹೇಗೆ? ಮಾಡಿದ ಕಂಪನಿಗಳೆಲ್ಲ ಬಾಗಿಲು ಹಾಕಿಕೊಂಡು ಹೋಗಿವೆ. ಆದ್ದರಿಂದ ಸೊಸೆ ಪಟ್ಟಿ ಮಾಡುತ್ತಾಳೆ. ಆಟಕ್ಕೊಂದು ಸಾಲು, ಸಾಲಿನ ತುದಿಗೊಂದು ಖಾಲಿ ಚೌಕ. ಕ್ಯಾಸೆಟ್ ಸಿಕ್ಕ ದಿನ ಆ ಚೌಕದಲ್ಲಿ ಗುರುತು ಹಾಕುವ ಸುಖ ಇದೆಯಲ್ಲ, ಅದು ಹುಚ್ಚು ಹತ್ತಿದವರಿಗೇ ಗೊತ್ತು.

ಪಟ್ಟಿ ಮಾಡುವವರು ಬೇರೆಯವರೂ ಇದ್ದರು. ಅವರು ಹಳೆಯ ಜಾಹೀರಾತು ನೋಡಿ ಸಾಲು ಸೇರಿಸುತ್ತಿದ್ದರು. ಆ ಕಾಲದ ಕಂಪನಿಗಳೋ, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರು. ಮಾಡದ ಆಟಕ್ಕೂ ಜಾಹೀರಾತು ಕೊಟ್ಟು ಕೂರುತ್ತಿದ್ದರು. ಅಂಥ ಪಟ್ಟಿ ನಂಬಿದವರು ಹುಟ್ಟೇ ಇರದ ಆಟವನ್ನು ಹುಡುಕುತ್ತಾ ತಲೆ ಬೆಳ್ಳಗೆ ಮಾಡಿಕೊಂಡರು. ಸೊಸೆಯ ನಿಯಮ ಬೇರೆ. ಕ್ಯಾಸೆಟ್ ಅವಳ ಕೈಗೆ ಬರಬೇಕು. ಬಂದದ್ದನ್ನು ಭೂತಗನ್ನಡಿಯಲ್ಲಿ ನೋಡಿ, ತೂಗಿ, ಪೆಟ್ಟಿಗೆಗೆ ಹಾಕಿ, ತೆರೆಯ ಮೇಲೆ ಹೆಸರು ಮೂಡುವುದನ್ನೂ ಆಟ ಶುರುವಾಗುವುದನ್ನೂ ಕಂಡ ಮೇಲೆಯೇ ಸಾಲು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದವಳು ಇನ್ನೊಬ್ಬಳಿರಲಾರಳು. ಸಂಗ್ರಹಕಾರರು ಅವಳನ್ನು ತಕ್ಕಡಿ ಮೇಡಂ ಎನ್ನುತ್ತಿದ್ದರು. ತಕ್ಕಡಿ ಯಾರದೆಂದು ಅವರಿಗೇನು ಗೊತ್ತು!

ಇಷ್ಟೇ ಆಗಿದ್ದರೆ ಅತ್ತೆಯ ಗೊಣಗಾಟ ತಕ್ಕಡಿಗೇ ಮುಗಿಯುತ್ತಿತ್ತು. ಮುಗಿಯದೆ ಇದ್ದದ್ದು ಮಾವನಿಂದ.

ಮಾವ ಹರೆಯದಲ್ಲಿ ಕಂದು ಪೆಟ್ಟಿಗೆಗೆ ತಾವೇ ಒಂದು ಆಟ ಬರೆದಿದ್ದರು. ಹೆಸರು 'ಬೀದಿದೀಪ'. ಕತ್ತಲ ಬೀದಿಯಲ್ಲಿ ಒಬ್ಬ ಮುದುಕ ಏಣಿ ಹೊತ್ತು ದೀಪ ಹಚ್ಚುತ್ತಾ ಹೋಗಬೇಕು, ಹಿಂದಿನಿಂದ ಗಾಳಿ ಬಂದು ಆರಿಸುತ್ತಾ ಬರುತ್ತದೆ, ಅಷ್ಟೇ ಆಟ. ಆಗಿನ್ನೂ ಹೊಸದಾಗಿ ಮದುವೆಯಾಗಿದ್ದ ಅತ್ತೆ ಬಾಡಿಗೆ ಕೋಣೆಯಲ್ಲಿ ಗಂಡನ ಪಕ್ಕ ಕೂತು, ಮುದುಕನ ಟೋಪಿ ಎಷ್ಟೆತ್ತರ ಇರಬೇಕೆಂದು ಜಗಳ ಆಡಿದ್ದುಂಟು. ಒಂದು ಸಣ್ಣ ಕಂಪನಿ ಆಟವನ್ನು ತೆಗೆದುಕೊಂಡಿತು, ಸ್ವಲ್ಪ ದಿನಕ್ಕೇ ಮುಳುಗಿತು. ಮಾವನ ಕೈಗೆ ಒಂದು ಪ್ರತಿಯೂ ಬರಲಿಲ್ಲ. ಆದರೆ ಒಮ್ಮೆ ಬಸ್ಸಿನಲ್ಲಿ ಹೋಗುವಾಗ, ಅಂಗಡಿಯೊಂದರ ಗಾಜಿನ ಹಿಂದೆ ನೀಲಿ ಚೀಟಿಯ ಬೀದಿದೀಪ ಕಂಡೆ, ಮರುದಿನ ಓಡಿಹೋದರೆ ಅದು ಮಾರಿಹೋಗಿತ್ತು ಎಂದು ಅವರು ಹೇಳುತ್ತಿದ್ದರು. ಆ ಬಸ್ಸಿನಲ್ಲಿ ಅತ್ತೆ ಇರಲಿಲ್ಲ. ನೆಂಟರು ಮುಸಿಮುಸಿ ನಗುತ್ತಿದ್ದರು.

ಸೊಸೆಯ ಪಟ್ಟಿ ಪುಸ್ತಕವಾಗಿ ಹೊಸದಾಗಿ ಅಚ್ಚಾಗುವಾಗಲೆಲ್ಲ ಮಾವ ಕನ್ನಡಕ ಏರಿಸಿ 'ಬ' ಅಕ್ಷರದ ಪುಟ ತೆರೆಯುತ್ತಿದ್ದರು. ಬೆರಳು ಮೇಲಿಂದ ಕೆಳಗಿಳಿಯುತ್ತಿತ್ತು. ಆಮೇಲೆ ಪುಸ್ತಕ ಮುಚ್ಚಿ, "ಚೆನ್ನಾಗಿ ಮಾಡಿದ್ದೀಯಮ್ಮ" ಎನ್ನುತ್ತಿದ್ದರು.

ಇತ್ತೀಚೆಗೆ ಅವರಿಗೆ ಮರೆವು ಶುರುವಾಗಿತ್ತು. ಬೀಗದ ಕೈ ಫ್ರಿಜ್ಜಿನಲ್ಲಿ ಸಿಗುತ್ತಿತ್ತು, ಟೀ ಕುಡಿದವರು ಮತ್ತೆ ಟೀ ಕೇಳುತ್ತಿದ್ದರು. ಒಂದು ಬೆಳಗ್ಗೆ ಅಚ್ಚಿಗೆ ಹೋಗಲಿದ್ದ ಪುಟಗಳನ್ನು ಮಗುಚಿಟ್ಟು ಹೆಂಡತಿಯ ಕಡೆ ತಿರುಗಿದರು.

"ಆ ಅಂಗಡಿ, ಆ ನೀಲಿ ಚೀಟಿ, ಎಲ್ಲ ನಾನೇ ಕಲ್ಪಿಸ್ಕೊಂಡೆ ಅನ್ಸುತ್ತೆ ಕಣೇ. ಅದೇ ಸುಳ್ಳಾದ್ರೆ ನನ್ನ ತಲೇಲಿರೋ ಉಳಿದದ್ದರಲ್ಲಿ ಯಾವುದನ್ನ ನಂಬ್ಲಿ ಹೇಳು?"

ಅತ್ತೆ ನೇರ ಸೊಸೆಯ ಮುಂದೆ ಹೋಗಿ ನಿಂತರು.

"ಒಂದೇ ಒಂದು ಸಾಲು ಬರೀ. ನಿನ್ನ ಗಂಟೇನು ಹೋಗುತ್ತೆ?"

"ಮಾವ ಆಟ ಬರೆದದ್ದು ನಂಗೂ ಗೊತ್ತು ಅತ್ತೆ. ಅದು ಅಂಗಡಿಗೆ ಬಂತಾ ಅನ್ನೋದು ಬೇರೆ ಮಾತು. ನಾನು ನೋಡ್ದೇನೇ ಬರೆದ್ರೆ, ಯಾರೋ ಒಬ್ಬ ಇಲ್ಲದ ಕ್ಯಾಸೆಟ್ಟಿಗೆ ಊರೂರು ಅಲೀತಾನೆ."

"ಅಲೀಲಿ ಬಿಡು! ಅವನ್ಯಾರೋ. ಇವರು ನಿನ್ನ ಮಾವ!"

"ಅದಕ್ಕೇ ಬರೆಯಲ್ಲ."

ಅದಕ್ಕೇ ಅಂತೆ! ಕಲ್ಲಿಗಾದರೂ ಕರುಣೆ ಬರುತ್ತದೆ ಎಂದುಕೊಂಡು ಅತ್ತೆ ಅಂದಿನಿಂದ ಮಾತು ಬಿಟ್ಟರು. ಹೇಳಬೇಕಾದ್ದನ್ನೆಲ್ಲ ಪಾತ್ರೆ ಕುಕ್ಕುವ ಸದ್ದಿನಲ್ಲೇ ಹೇಳಿದರು. ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡವರನ್ನು ಬಿಡಿಸುವುದೇ ಮಗನ ಕಸುಬು. ಈ ಇಬ್ಬರ ನಡುವೆ ತಾನೇ ಸಿಕ್ಕಿಕೊಂಡಾಗ ಅವನನ್ನು ಬಿಡಿಸುವವರು ಯಾರೂ ಇರಲಿಲ್ಲ. ಸೊಸೆ ಮಾತ್ರ ಏನೂ ಆಗದವಳಂತೆ ಫೋನಿನಲ್ಲಿ ಯಾರಿಗೋ, "ಕೆಟ್ಟುಹೋದವನ್ನೂ ತೂಗಿ ಕಳಿಸಿ, ಎಸೆಯಬೇಡಿ" ಎನ್ನುತ್ತಿದ್ದಳು. ಇಲ್ಲೊಬ್ಬರ ಮನಸ್ಸು ಕೆಟ್ಟಿದೆ, ಅದನ್ನು ತೂಗುವವರಿಲ್ಲ ಎಂದು ಅತ್ತೆ ಗೋಡೆಗೆ ಹೇಳಿದರು.

ರಜೆಯ ದಿನ ಮಧ್ಯಾಹ್ನ ಬಾಗಿಲು ತಟ್ಟಿದ್ದು ಸಲೂನಿನವನು. ಮೂರು ಬೀದಿ ಆಚೆ ಕತ್ತರಿ ಆಡಿಸುತ್ತಾ, ದುಡಿದದ್ದನ್ನೆಲ್ಲ ಕ್ಯಾಸೆಟ್‌ಗಳ ಮೇಲೆ ಸುರಿಯುವ ಆಸಾಮಿ. ಕಂಕುಳಲ್ಲಿ ಬಾಚಣಿಗೆ ಇಡುವ ಡಬ್ಬಿ ಇತ್ತು.

"ತಕ್ಕಡಿ ಮೇಡಂ ಇದಾರಾ ಅಮ್ಮಾ? ಸತ್ತ ಕ್ಯಾಸೆಟ್ ಒಂದು ಕೇಳಿದ್ರು. ಗಿರಾಕಿ ಕೂರೋ ಕುರ್ಚಿ ಅಲ್ಲಾಡ್ತಿತ್ತು ಅಂತ ಇದನ್ನ ಕಾಲಿನ ಕೆಳಗೆ ಕೊಟ್ಟಿದ್ದೆ. ಈಗ ಬಂದವರೆಲ್ಲ ಓಲಾಡ್ತಾ ಕಟಿಂಗ್ ಮಾಡಿಸ್ಕೋತಿದಾರೆ."

ಡಬ್ಬಿಯಿಂದ ಹೊರಬಂದದ್ದು ಎಲ್ಲರ ಮನೆಯಲ್ಲೂ ಬಿದ್ದಿರುವ ಕಾರ್ ರೇಸಿನ ಕ್ಯಾಸೆಟ್. ಪಟ್ಟಿಯಲ್ಲಿ ಅದು ಯಾವತ್ತಿನಿಂದಲೋ ಇದೆ. ಸೊಸೆ ಅದನ್ನು ಎರಡು ಕೈಯಲ್ಲಿ ತೆಗೆದುಕೊಂಡು ತಕ್ಕಡಿಯ ಮೇಲಿಟ್ಟಳು, ಅಂಕಿ ನೋಡಿದಳು, ಆಮೇಲೆ ಮಾವನನ್ನು ಕರೆದಳು.

"ಮಾವ, ಈ ಕಾರ್ ರೇಸಿನ ಕ್ಯಾಸೆಟ್ ಕೆಟ್ಟಿದೆ ಅಂತ ಬಹಳ ಜನ ಹೇಳ್ತಾರೆ. ಕೆಟ್ಟದ್ದೆಲ್ಲ ಒಂದೇ ತೂಕ, ಚೆನ್ನಾಗಿರೋದಕ್ಕಿಂತ ಹಗುರ. ಕ್ಯಾಸೆಟ್ ಸತ್ತ ಮಾತ್ರಕ್ಕೆ ತೂಕ ಯಾಕೆ ಕಡಿಮೆ ಆಗ್ಬೇಕು? ಒಳಗಿರೋದು ಬೇರೆ ಏನೋ ಇರ್ಬೇಕು ಅಂತ ನಾನು ವರ್ಷಗಳಿಂದ ಎಲ್ಲರ ಹತ್ರ ತೂಕ ಕೇಳ್ತಾ ಇದೀನಿ."

ಅವಳು ಭೂತಗನ್ನಡಿಯನ್ನು ಅತ್ತೆಯ ಕೈಗೆ ಕೊಟ್ಟಳು. ಅತ್ತೆ ಮಾತು ಬಿಟ್ಟಿದ್ದನ್ನು ಮರೆತು ಬಗ್ಗಿ ನೋಡಿದರು. ಕಾರಿನ ಚಿತ್ರದ ಸುತ್ತ ಒಣಗಿದ ಗೋಂದಿನ ಅಂಚು ಇತ್ತು. ಒಂದು ಮೂಲೆಯಲ್ಲಿ, ಉಗುರಿನ ಚೂರಿನಷ್ಟು, ನೀಲಿ ಕಾಗದ ಅಂಟಿಕೊಂಡಿತ್ತು.

"ಆ ಮುಳುಗಿದ ಕಂಪನಿಯವರು ಕಾರ್ ರೇಸಿನವರ ಹತ್ರ ಉಳಿದ ಕವಚ ಅಗ್ಗಕ್ಕೆ ತಂದು, ಕಾರಿನ ಚಿತ್ರದ ಮೇಲೆ ತಮ್ಮ ನೀಲಿ ಚೀಟಿ ಅಂಟಿಸಿರ್ಬೇಕು. ಗೋಂದು ಕಳಪೆ, ಚೀಟಿ ಉದುರಿದೆ" ಎಂದಳು ಸೊಸೆ.

"ಅಯ್ಯೋ ಹುಡುಗೀ, ಇಷ್ಟು ದಿನ ಬಾಯಿ ಬಿಡೋಕೇನಾಗಿತ್ತು ನಿಂಗೆ?"

"ಆಸೆ ಹುಟ್ಟಿಸಿ, ಆಮೇಲೆ ಅಲ್ಲ ಅಂತಾದ್ರೆ? ಈಗ್ಲೂ ಓಡಿಸಿ ನೋಡ್ದೆ ಏನೂ ಹೇಳಲ್ಲ."

ಕ್ಯಾಸೆಟ್ ಪೆಟ್ಟಿಗೆಯ ಬಾಯಿಗೆ ಹೋಯಿತು. ಸೊಸೆ ಜಾಯ್‌ಸ್ಟಿಕ್ಕಿನ ತಂತಿಯನ್ನು ಪೆಟ್ಟಿಗೆಯ ಒಂದನೆಯ ಕಿಂಡಿಗೆ ಸಿಕ್ಕಿಸಿ ಸ್ವಿಚ್ ಒತ್ತಿದಳು. ತೆರೆ ಕಪ್ಪಾಯಿತು. ಬಲಮೂಲೆಯಲ್ಲಿ ಒಂದು ಹಳದಿ ಚುಕ್ಕಿ ಮಿಣುಕ್ ಮಿಣುಕ್ ಎಂದಿತು. ಅವಳು ಗುಂಡಿ ಒತ್ತಿದಳು. ಮತ್ತೆ ಒತ್ತಿದಳು. ಚುಕ್ಕಿ ತನ್ನ ಪಾಡಿಗೆ ಮಿಣುಕುತ್ತಿತ್ತು.

"ನಾನು ಹೇಳ್ಲಿಲ್ವಾ ಮೇಡಂ, ಸತ್ತೇ ಹೋಗಿದೆ. ಎಲ್ಲರದ್ದೂ ಹೀಗೇ" ಎಂದ ಸಲೂನಿನವನು.

ಸೊಸೆಯ ಮುಖ ಬಾಡಿತು. ಬರೆಯಲ್ಲ ಎಂದ ದಿನದಿಂದ ಒಮ್ಮೆಯೂ ಅಲುಗದವಳ ಕಣ್ಣಲ್ಲಿ ನೀರು ಕಂಡು ಅತ್ತೆಯ ಸಿಟ್ಟೆಲ್ಲ ಜರ್ರನೆ ಇಳಿದುಹೋಯಿತು. ಇವಳಿಗೆ ಮಾವನ ಮೇಲೆ ತನಗಿರುವಷ್ಟೇ ಪ್ರೀತಿ ಇದೆ, ಆದರೂ ಹೆಸರು ಕಾಣದೆ ಇವಳು ಬರೆಯುವುದಿಲ್ಲ. ಎಂಥ ಗಟ್ಟಿ ಹೆಣ್ಣಪ್ಪಾ ಇದು!

"ಹೆಸರು ಬರ್ಲಿಲ್ಲ ಮಾವ" ಎಂದಳು ಸೊಸೆ. "ನಂಗೆ ಬರೆಯೋಕಾಗಲ್ಲ."

ಮಾವ ಚುಕ್ಕಿಯನ್ನೇ ನೋಡುತ್ತಿದ್ದರು. ಕುರ್ಚಿಯ ಕೈ ಹಿಡಿದು ಎದ್ದರು, ನೆಲದ ಮೇಲೆ ಮೊಣಕಾಲೂರಿ ಕೂತರು. ಜಾಯ್‌ಸ್ಟಿಕ್ಕಿನ ತಂತಿಯನ್ನು ಒಂದನೆಯ ಕಿಂಡಿಯಿಂದ ಕಿತ್ತು, ಇಬ್ಬರು ಸೇರಿ ಆಡುವಾಗ ಮಾತ್ರ ಬಳಸುವ ಎರಡನೆಯ ಕಿಂಡಿಗೆ ಸಿಕ್ಕಿಸಿದರು. ಗುಂಡಿ ಒತ್ತಿದರು.

ಚುಕ್ಕಿ ದೊಡ್ಡದಾಗಿ ದೀಪವಾಯಿತು. ದೀಪದ ಬೆಳಕಿನಲ್ಲಿ ಬೀದಿ ಕಂಡಿತು, ಬೀದಿಯ ಮೇಲೆ 'ಬೀದಿದೀಪ' ಎಂಬ ಹೆಸರು ಮೂಡಿತು. ಎತ್ತರದ ಟೋಪಿಯ ಮುದುಕನೊಬ್ಬ ಏಣಿ ಹೊತ್ತುಕೊಂಡು ಎಡಗಡೆಯಿಂದ ನಡೆದುಬಂದ.

"ನನ್ನ ಪೆಟ್ಟಿಗೇಲಿ ಒಂದನೇ ಕಿಂಡಿ ಕೆಟ್ಟಿತ್ತಲ್ಲ, ಎರಡನೇದರಲ್ಲೇ ಕೆಲಸ ಮಾಡ್ತಿದ್ದೆ" ಎಂದರು ಮಾವ, ಇದರಲ್ಲಿ ಹೇಳುವುದೇನಿದೆ ಎಂಬಂತೆ. "ಆಟಾನೂ ಹಾಗೇ ಬರೆದ್ನೇನೋ. ಕೈಗೆ ನೆನಪಿತ್ತು ನೋಡು."

"ಅಬ್ಬಾ! ಯಜಮಾನ್ರೇ, ಸತ್ತಿದೆ ಅಂತ ನಾವೆಲ್ಲ ಒಂದನೇ ಕಿಂಡಿಗೇ ಹಾಕಿ ಹಾಕಿ ಎಸೆದ್ವಲ್ರೀ! ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ನಾನು ಕುರ್ಚಿ ಕಾಲಿಗೆ ಕೊಟ್ಟಿದ್ದೆ!" ಎಂದು ಸಲೂನಿನವನು ತಲೆತಲೆ ಚಚ್ಚಿಕೊಂಡ.

ಸೊಸೆ ಕಣ್ಣೊರೆಸಿಕೊಂಡು ಆಟ ಶುರುವಾಗುವವರೆಗೂ ಕಾದಳು. ಮುದುಕ ಎರಡು ದೀಪ ಹಚ್ಚಿದ ಮೇಲೆಯೇ ಪಟ್ಟಿ ತೆರೆದು, 'ಬ' ಅಕ್ಷರದ ಕೆಳಗೆ ಬೀದಿದೀಪವನ್ನು ಸೇರಿಸಿದಳು. ಕ್ಯಾಸೆಟ್ ತನ್ನದಾದರೂ ಸಲೂನಿನವನು ಚೌಕದಲ್ಲಿ ಗುರುತು ಹಾಕುವ ಹಕ್ಕನ್ನು ಮಾವನಿಗೇ ಬಿಟ್ಟುಕೊಟ್ಟ. ಮಾವ ಪೆನ್ನು ಹಿಡಿದು ಸಾಲನ್ನು ಓದಿ, ಚೌಕದಲ್ಲಿ ಗುರುತು ಹಾಕಿದರು.

"ಇವಳು ಅಯ್ಯೋ ಪಾಪ ಅಂತ ಮುಂಚೆನೇ ಬರೆದಿದ್ರೆ ನಾನು ನಂಬ್ತಿರ್ಲಿಲ್ಲ ಕಣೇ" ಎಂದರು ಹೆಂಡತಿಗೆ. "ಇಷ್ಟು ವರ್ಷ ಇಲ್ಲ ಅಂದವಳು ಇವತ್ತು ಇದೆ ಅಂತಿದಾಳೆ. ಹಾಗಾದ್ರೆ ಇದೆ. ಅಂಗಡಿಯ ಗಾಜೂ ಇತ್ತು."

ಅದಕ್ಕೇ ಬರೆಯಲ್ಲ ಎಂದಿದ್ದಳಲ್ಲ ಸೊಸೆ, ಆ ಮಾತು ಅತ್ತೆಗೆ ಈಗ ಅರ್ಥವಾಯಿತು. ಅವರು ಸೆರಗಿನಿಂದ ಮುಖ ಒರೆಸಿಕೊಳ್ಳುವ ನೆಪದಲ್ಲಿ ಸ್ವಲ್ಪ ಹೊತ್ತು ಮುಖ ಮುಚ್ಚಿಕೊಂಡರು.

ಸಾಲಿನ ಕೊನೆಯಲ್ಲಿ ಇನ್ನೊಂದು ಜಾಗ ಉಳಿದಿತ್ತು. ಕ್ಯಾಸೆಟ್ಟಿನ ಜೊತೆ ಕೈಪಿಡಿ ಬಂದಿತ್ತೇ ಎಂದು ಬರೆಯುವ ಜಾಗ. ಸೊಸೆ ಅಲ್ಲಿ 'ನೋಡಿಲ್ಲ' ಎಂದು ಬರೆಯುವುದನ್ನು ಮಾವ ಕಂಡರು.

"ಕೈಪಿಡಿ ಇತ್ತಮ್ಮ. ಮುಖಪುಟದ ಮೇಲೆ ಮುದುಕನ ಚಿತ್ರ. ಬಿಡಿಸಿದ್ದು ಇವಳೇ."

ಸೊಸೆ ಬೆರಗಾಗಿ ತಿರುಗಿದಳು. "ಹೌದಾ ಅತ್ತೆ? ನೀವು ಬಿಡಿಸಿದ ಚಿತ್ರಾನಾ?"

"ಹೌದು ಹೌದು, ಅದೇ ಟೋಪಿ, ನಾನು ಹೇಳಿದಷ್ಟೇ ಎತ್ತರ" ಎಂದರು ಅತ್ತೆ. ಅವರ ಕಣ್ಣು ಒಂದು ಕ್ಷಣ ಆ ಜಾಗದ ಮೇಲೇ ನಿಂತಿತು. ಆಮೇಲೆ ತಲೆ ಕೊಡವಿದರು. "ನಾನು ಬಿಡಿಸಿದ್ದು ನಿಜ. ಅಚ್ಚಾಯ್ತೋ ಇಲ್ವೋ ಕಂಡವರ್ಯಾರು? ಕಣ್ಣಿಂದ ನೋಡ್ದೆ ಬರೀಬೇಡ ಕಣೆ. ಸಿಕ್ಕಾಗ ಬರೀ."

ಹಾಗೆಂದು ತಕ್ಕಡಿಯನ್ನು ಎತ್ತಿ, ಸೆರಗಿನಿಂದ ಒರೆಸಿ, ಸೊಸೆಯ ಕೈಗೆ ಸಿಗುವಂತೆ ಮೇಜಿನ ಮೇಲೇ ಇಟ್ಟರು. ಹಿಟ್ಟನ್ನು ಲೋಟದಲ್ಲಿ ಅಳೆದುಕೊಳ್ಳಲು ಒಳಗೆ ಹೋದರು.